‘ಆಗಲಿ’ ಎಂದು ಬ್ರೇಕು ಹಾಕಿಸಿದ್ದು

ನನ್ನ ಕಾರು ನನ್ನ ವಯಸ್ಸಿಗೆ ಒಪ್ಪುವುದಿಲ್ಲ. ನಾನೇ ಮೊದಲು ಹೇಳಿಬಿಡುವುದು ಮೇಲು, ಏಕೆಂದರೆ ಕಾರನ್ನು ನೋಡಿದವರೆಲ್ಲ ಹೇಗೂ ಅದನ್ನೇ ಹೇಳುತ್ತಾರೆ. ಪುಟ್ಟ ಹಳದಿ ಕಾರು, ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟೆ, ಒಳಗೆ ಗಾತ್ರಕ್ಕೆ ಮೀರಿದ ಟರ್ಬೊ ಇಂಜಿನ್ನು. ಪೆಟ್ರೋಲ್ ಬಂಕಿನಲ್ಲಿ ನಾನು ಇಳಿದರೆ ಅಲ್ಲಿಯವರು ಒಳಗಿನಿಂದ ಇನ್ನೊಬ್ಬರು ಇಳಿಯಲಿ ಎಂದು ಕಾಯುತ್ತಾರೆ. ಮಗನ ಕಾರಿಗೆ ಅಪ್ಪ ಪೆಟ್ರೋಲ್ ಹಾಕಿಸಲು ಬಂದಿದ್ದಾನೆ ಎಂದು ಅವರ ಊಹೆ. ನನಗೆ ಮಗನಿಲ್ಲ. ಮಗಳಿದ್ದಾಳೆ, ಮತ್ತು ಈ ಇಡೀ ಬ್ರೇಕಿನ ವ್ಯವಹಾರಕ್ಕೆ ಅವಳೇ ಕಾರಣ.

ಕಾರನ್ನು ನನಗೆ ಮಾರಿದವನು ವಿಶಾಖಪಟ್ಟಣದ ಋಷಿಕೊಂಡ ಗುಡ್ಡದ ಮೇಲಿನ ಕಚೇರಿಯೊಂದರಲ್ಲಿದ್ದ ಹಾಸನದ ಹುಡುಗ. ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತಿದ್ದ. ಪುಣೆಗೆ ಹೊರಟಿದ್ದೇನೆ, ಕಾರು ಕೊಡಬೇಕು ಎಂದ. ಹೊರನಾಡಿನಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿಸಿದರೆ ನನ್ನ ವಿವೇಕ ಕೈತೊಳೆಯಲು ಎದ್ದುಹೋಗುತ್ತದೆ. ಬ್ಯಾಂಕಿನಲ್ಲಿ ಒಂದೊಂದು ಅರ್ಜಿಯನ್ನೂ ಮೂರು ಸಲ ಓದಿ ಸಹಿ ಹಾಕುವ ನಾನು, ಒಮ್ಮೆಯೂ ಓಡಿಸಿ ನೋಡದೆ, ಎರಡನೆಯ ಹೋಳಿಗೆ ಬರುವುದರೊಳಗೆ ಒಪ್ಪಿಕೊಂಡುಬಿಟ್ಟೆ. ತೆಲುಗಿನಲ್ಲಿ ಮಾರಿದ್ದರೆ ಖಂಡಿತ ಕೊಳ್ಳುತ್ತಿರಲಿಲ್ಲ.

ಇನ್ನು ಮಗಳು. ಸಿಂಚನ ಹುಟ್ಟಿದ್ದು ತುಮಕೂರಿನಲ್ಲಿ, ಬೆಳೆದದ್ದೆಲ್ಲ ನನ್ನ ವರ್ಗಾವಣೆಗಳ ಜೊತೆ ಆಂಧ್ರದಲ್ಲಿ. ಅವಳ ತೆಲುಗು ಓಡುತ್ತದೆ, ಕನ್ನಡ ಚಪ್ಪಲಿ ಬಿಟ್ಟು ಮನೆಯೊಳಗಷ್ಟೇ ನಡೆಯುತ್ತದೆ. ಕಳೆದ ವರ್ಷ ಲೈಸೆನ್ಸ್ ಬಂದ ದಿನ ಕಾರಿನ ಕೀಲಿ ಕೇಳಿದಳು. ಮಳೆಗಾಲ ಮುಗಿಯಲಿ ಎಂದೆ. ಮುಗಿಯಿತು. ಪರೀಕ್ಷೆ ಮುಗಿಯಲಿ ಎಂದೆ. ಅದೂ ಮುಗಿಯಿತು, ಪಾಸೂ ಆದಳು. ಮುಂದೂಡಲು ಬೇರೇನೂ ಉಳಿದಿಲ್ಲ ಎನ್ನುವಾಗ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಸಂಸಾರವನ್ನು ವಿಶಾಖಪಟ್ಟಣದ ಗಾಜುವಾಕದ ಮನೆಯಲ್ಲೇ ಬಿಟ್ಟು, ಕಾರನ್ನು ಮಾತ್ರ ಜೊತೆಗೆ ಕರೆದುಕೊಂಡು ಹೋದೆ. ಇದನ್ನು ಕೇಳಿದವರು ನಕ್ಕರು. ನನ್ನ ಹೆಂಡತಿ ಶೈಲಾ ನಗಲಿಲ್ಲ.

ಅಷ್ಟರಲ್ಲಿ ಸಿಂಚನಳಿಗೆ ಋಷಿಕೊಂಡದ ಕಡೆಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ಆರಕ್ಕೆ ಡ್ಯೂಟಿ. ಗಾಜುವಾಕ ಊರಿನ ಈ ತುದಿ, ಆಸ್ಪತ್ರೆ ಆ ತುದಿ. ಆ ಹೊತ್ತಿನಲ್ಲಿ ಬಸ್ಸು ಬದಲಿಸಿಕೊಂಡು ಸೇರುವುದು ಕನಸಿನ ಮಾತು. ಅವಳು ಫೋನಿನಲ್ಲಿ ಬಹಳ ಸಮಾಧಾನದಿಂದ ಹೇಳಿದಳು, “ಅಪ್ಪಾ, ಈ ಸಲ ಇಲ್ಲ ಅಂದ್ರೆ ನಾನಿನ್ನು ಕೇಳಲ್ಲ. ಆಸ್ಪತ್ರೆ ಹತ್ರಾನೇ ಪಿಜಿ ನೋಡ್ಕೊಂಡು ಇದ್ಬಿಡ್ತೀನಿ.”

ಕೇಳುತ್ತಲೇ ಇರುವ ಮಗಳನ್ನು ಹೇಗೋ ಸಂಭಾಳಿಸಬಹುದು. ಕೇಳುವುದನ್ನೇ ಬಿಟ್ಟ ಮಗಳು ಎಂದರೆ ನನಗೆ ನಿಜವಾಗಿ ಹೆದರಿಕೆ. “ಬ್ರೇಕ್ ಒಂದು ಒಳ್ಳೇದು ಹಾಕಿಸಿಬಿಡ್ತೀನಿ. ಆಮೇಲೆ ಕೀಲಿ ನಿಂದೇ” ಎಂದುಬಿಟ್ಟೆ. ಹಿಂದಿನಿಂದ ಶೈಲಾಳ ದನಿ ಕೇಳಿತು, “ಬ್ರೇಕು ಹಾಕಿಸೋದು ಕಾರಿಗೋ, ನಿಂಗೋ, ಸರಿಯಾಗಿ ಕೇಳ್ಕೊ.”

ಬ್ರೇಕಿನ ಮಾತು ಪೂರ್ತಿ ನೆಪವೇನೂ ಆಗಿರಲಿಲ್ಲ. ಹಿಂದಿನ ತಿಂಗಳಷ್ಟೇ ಗನ್ನವರಂ ವಿಮಾನ ನಿಲ್ದಾಣದಿಂದ ನಮ್ಮ ಮೇಲಧಿಕಾರಿಯೊಬ್ಬರನ್ನು ಈ ಕಾರಿನಲ್ಲೇ ಕರೆತಂದಿದ್ದೆ. ದಾರಿಯಲ್ಲಿ ಒಂದು ಆಟೊ ಅಡ್ಡ ಬಂತು. ಬ್ರೇಕು ತುಳಿದೆ. ಕಾರು ನಿಂತಿತು, ಆದರೆ ವಿಚಾರ ಮಾಡಿ ನಿಂತಿತು. ಮೇಲಧಿಕಾರಿ ಸೀಟ್ ಬೆಲ್ಟ್ ಬಿಗಿಮಾಡಿಕೊಂಡರು. ಸಂಜೆ ವಾಪಸು ಹೋಗುವಾಗ, ನಿಮಗೇಕೆ ತೊಂದರೆ ಎಂದು ಟ್ಯಾಕ್ಸಿ ಹತ್ತಿದರು. ವಿಜಯವಾಡ ಹಾರ್ನಿನ ಊರು, ಅಲ್ಲಿ ಅಷ್ಟರಲ್ಲೇ ಪಾರಾಗಬಹುದು. ವಿಶಾಖಪಟ್ಟಣ ಏರಿಳಿತದ ಊರು. ಅಲ್ಲಿ ಎಷ್ಟೋ ಇಳಿಜಾರುಗಳು ನೇರ ಸಮುದ್ರದ ಕಡೆ ಮುಖ ಮಾಡಿವೆ.

ಬ್ರೇಕು ಎಂಬ ಮಾತಿನ ಬಗ್ಗೆಯೂ ನಾನು ಆ ದಿನಗಳಲ್ಲಿ ಸಾಕಷ್ಟು ತಲೆ ಕೆಡಿಸಿಕೊಂಡಿದ್ದುಂಟು. ಬಾಯಿಗೆ ಬ್ರೇಕಿಲ್ಲ ಎನ್ನುತ್ತೇವೆ, ಖರ್ಚಿಗೆ ಬ್ರೇಕು ಹಾಕು ಎನ್ನುತ್ತೇವೆ, ಕನ್ನಡಕ್ಕೆ ಅಷ್ಟು ಒಗ್ಗಿದ ಮಾತು. ಅದನ್ನು ‘ಗತಿರೋಧಕ’ ಎಂದು ಯಾರಾದರೂ ಶುದ್ಧ ಮಾಡಿದರೆ ಔಷಧಿ ಅಂಗಡಿಯಲ್ಲಿ ಮೆಲ್ಲಗೆ ಕೇಳಬೇಕಾದ ಪದಾರ್ಥದಂತೆ ಕೇಳಿಸುತ್ತದೆ. ಬ್ರೇಕಿರುವುದು ನಿಲ್ಲುವುದಕ್ಕಲ್ಲ, ಧೈರ್ಯವಾಗಿ ಓಡುವುದಕ್ಕೆ ಎಂದೂ ಒಂದು ಸಿದ್ಧಾಂತ ಕಟ್ಟಿ ಬ್ಯಾಂಕಿನ ಕ್ಯಾಂಟೀನಿನಲ್ಲಿ ಹೇಳಿದೆ. ಸಹೋದ್ಯೋಗಿಗಳು ಟೀ ಮುಗಿಸಿ ಎದ್ದರು.

ಗಾಜುವಾಕದ ನಮ್ಮ ಮನೆಗೆ ಸಮೀಪದ ದುವ್ವಾಡ ರೈಲು ನಿಲ್ದಾಣದ ಹತ್ತಿರ ಅಪ್ಪಲರಾಜು ಎಂಬವರ ಶೆಡ್ಡಿದೆ. ಸಣ್ಣ ಕಾರುಗಳನ್ನು ಬಿರುಸಾಗಿ ಓಡಿಸುವ ಹುಡುಗರೆಲ್ಲ ಅವರ ಶಿಷ್ಯರು. ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ, ಅಂದರೆ ಡಿಸ್ಕು, ಈಗಿರುವುದಕ್ಕಿಂತ ದೊಡ್ಡದು ಹಾಕಬೇಕು. ಅದನ್ನು ಎರಡೂ ಬದಿಯಿಂದ ಹಿಡಿಯುವ ಪ್ಯಾಡುಗಳೂ ಬೇರೆಯವು ಬೇಕು. ಸಾಮಾನು ತರಿಸಬೇಕು ಎಂದರು. ಕಾರನ್ನು ಅಲ್ಲಿ ಬಿಟ್ಟು ನಾನು ರೈಲಿನಲ್ಲಿ ವಿಜಯವಾಡ ಸೇರಿದೆ. ಸಿಂಚನ ಕೆಲಸಕ್ಕೆ ಸೇರಲು ಇನ್ನು ಎರಡು ವಾರವಿತ್ತು.

ನಾಲ್ಕನೆಯ ದಿನ ಅಪ್ಪಲರಾಜು ಫೋನ್ ಮಾಡಿದರು. “ಸಾರ್, ಸಾಮಾನು ವಚ್ಚಿಂದಂಡಿ. ಬಿಗಿಂಚಮಂಟಾರಾ?” ಸಾಮಾನು ಬಂದಿದೆ, ಹಾಕಲೇ ಎಂದು ಅರ್ಥ. ನನಗೆ ತೆಲುಗು ಬಾರದೆ ಏನಿಲ್ಲ. ಆದರೆ ಒಪ್ಪಿಗೆಯ ಮಾತು ಮಾತ್ರ ನನ್ನ ಬಾಯಲ್ಲಿ ಕನ್ನಡದಲ್ಲೇ ಹೊರಡುತ್ತದೆ. “ಆಗಲಿ, ಆಗಲಿ” ಎಂದೆ. “ಅಲಾಗೇನಂಡಿ”, ಸರಿ ಹಾಗೇ, ಎಂದು ಅವರು ಫೋನ್ ಇಟ್ಟರು. ಎರಡು ದಿನ ಬಿಟ್ಟು ಮತ್ತೆ ಅದೇ ಪ್ರಶ್ನೆ, ಮತ್ತೆ ನನ್ನ “ಆಗಲಿ”. ಮತ್ತೆರಡು ದಿನಕ್ಕೆ ಮತ್ತೊಮ್ಮೆ. ಒಂದು ಕೆಲಸಕ್ಕೆ ಇಷ್ಟು ಸಲ ಅಪ್ಪಣೆ ಕೇಳುವ ಮೆಕ್ಯಾನಿಕ್ಕನ್ನು ನಾನು ಕಂಡಿರಲಿಲ್ಲ. ಎಂಥ ವಿನಯ, ಎಂಥ ಮರ್ಯಾದೆ ಎಂದು ಕ್ಯಾಂಟೀನಿನಲ್ಲಿ ಹೊಗಳಿದೆ ಕೂಡ.

ಕನ್ನಡ, ತೆಲುಗು ಎರಡರ ಲಿಪಿಗಳೂ ಅಕ್ಕತಂಗಿಯರಂತಿವೆ. ಅದನ್ನು ನಂಬಿ ಕೆಟ್ಟವರಲ್ಲಿ ನಾನೊಬ್ಬ. ನಮ್ಮಲ್ಲಿ ‘ಆಗು’ ಎಂದರೆ ಸಂಭವಿಸು. ತೆಲುಗಿನಲ್ಲಿ ‘ಆಗು’ ಎಂದರೆ ನಿಲ್ಲು. ಕೃಷ್ಣಾ ನದಿಯ ಜೊತೆಗೇ ಈ ಮಾತೂ ನಮ್ಮ ಕಡೆಯಿಂದ ಹೊರಟು, ವಿಜಯವಾಡದ ಬ್ಯಾರೇಜಿನಲ್ಲಿ ಗೇಟು ಹಾಕಿದ್ದರಿಂದ ನಿಂತಿತೋ ಏನೋ, ಭಾಷಾಶಾಸ್ತ್ರಜ್ಞರು ಹೇಳಬೇಕು. ‘ಆಗಲಿ’ ಎಂದು ನಾನು ಹೇಳಿದರೆ ಸರಿ, ಮಾಡಿ ಎಂದು. ಅದೇ ಮಾತು ಫೋನಿನಲ್ಲಿ ಕೊಂಚ ಎಳೆದಂತೆ ಕೇಳಿದರೆ ತೆಲುಗಿನ ‘ಆಗಾಲಿ’. ಅಂದರೆ ನಿಲ್ಲಬೇಕು, ತಡೆಯಬೇಕು. ಇಷ್ಟನ್ನೂ ನಾನು ಬಲ್ಲೆ. ಬಲ್ಲೆ ಎನ್ನುವುದೇ ಮುಂದೆ ನನಗೆ ಮುಳುವಾಯಿತು.

ಎರಡನೆಯ ವಾರದ ಶನಿವಾರ ಬೆಳಿಗ್ಗೆ ದುವ್ವಾಡದಲ್ಲಿ ಇಳಿದೆ. ಸೋಮವಾರ ಸಿಂಚನಳ ಮೊದಲ ದಿನ. ಅವಳು ನನಗಿಂತ ಮುಂಚೆ ಶೆಡ್ಡಿಗೆ ಬಂದು ನಿಂತಿದ್ದಳು. ಕಾರು ನಾನು ಬಿಟ್ಟುಹೋದ ಜಾಗದಲ್ಲೇ, ಬಿಟ್ಟುಹೋದ ಸ್ಥಿತಿಯಲ್ಲೇ ಇತ್ತು. ಬಾನೆಟ್ಟಿನ ಮೇಲೆ ಬೆಕ್ಕೊಂದು ಮಲಗಿತ್ತು. ಡಿಸ್ಕುಗಳು ಪಕ್ಕದ ಬೆಂಚಿನ ಮೇಲೆ ಡಬ್ಬಿ ಸಮೇತ ಕುಳಿತಿದ್ದವು.

ಏಕೆ ಹಾಕಿಲ್ಲ ಎಂದು ಸಿಂಚನ ಆಗಲೇ ಕೇಳಿದ್ದಳೆಂದು ಕಾಣುತ್ತದೆ. ಅಪ್ಪಲರಾಜು ನನ್ನನ್ನು ನೋಡಿ ನಮಸ್ಕಾರ ಮಾಡಿ, ಅವಳ ಕಡೆ ತಿರುಗಿ, “ನಾನ್ನಗಾರೇ ಆಗಾಲನ್ನಾರಮ್ಮಾ. ಮೂಡು ಸಾರ್ಲು ಅಡಿಗಾನು” ಎಂದರು. ಅಪ್ಪನೇ ತಡೆಯಿರಿ ಎಂದರಮ್ಮ, ಮೂರು ಸಲ ಕೇಳಿದೆ.

ಸಿಂಚನ ನನ್ನನ್ನು ನೋಡಿದಳು. ಎರಡೂ ಭಾಷೆ ಬಲ್ಲವಳು, ನಡೆದದ್ದೇನೆಂದು ಅವಳಿಗೆ ಕ್ಷಣದಲ್ಲಿ ತಿಳಿಯಿತು. ನಕ್ಕುಬಿಡುತ್ತಾಳೆ ಎಂದುಕೊಂಡೆ. ನಗಲಿಲ್ಲ.

“ಅಪ್ಪಾ, ನೀನು ಹೇಳಿದ್ದು ಕನ್ನಡದಲ್ಲಾ, ತೆಲುಗಲ್ಲಾ?”

ಸುಲಭದ ಪ್ರಶ್ನೆ. ಕನ್ನಡದಲ್ಲಿ, ದೇವರಾಣೆ ಕನ್ನಡದಲ್ಲಿ, ಎನ್ನಬೇಕು. ಆದರೆ ಮೂರು ಸಲ ಒಂದೇ ಪ್ರಶ್ನೆ ಬಂದಾಗ, ಏನೋ ಎಡವಟ್ಟಾಗಿದೆ ಎಂದು ಒಮ್ಮೆಯೂ ಅನ್ನಿಸಲಿಲ್ಲವೇ? ಅನ್ನಿಸಿದ್ದನ್ನು ವಿನಯ ಎಂಬ ಹೆಸರಿಟ್ಟು ಮುಚ್ಚಿಟ್ಟೆನೇ? ನಾಲಿಗೆ ಕನ್ನಡದಲ್ಲಿ ಒಪ್ಪಿತ್ತು, ತೆಲುಗಿನಲ್ಲಿ ನಿಜ ಹೇಳಿತ್ತು. ನನಗೆ ಬಹಳ ನಾಚಿಕೆಯಾಯಿತು. ಇಂಗು ತಿಂದ ಮಂಗನಂತೆ ನಿಂತು, “ಕನ್ನಡದಲ್ಲೇ ಅಂದೆ ಕಣಮ್ಮ. ಆದ್ರೆ ಕೊಡೋಕೆ ಭಯ ಇತ್ತು, ಅದೂ ನಿಜ” ಎಂದೆ. ಅವಳು ಬೆಕ್ಕನ್ನು ಎತ್ತಿ ಕೆಳಗಿಟ್ಟಳು. ಅಪ್ಪಲರಾಜುವಿಗೆ ತೆಲುಗಿನಲ್ಲಿ ಏನೋ ಹೇಳಿದಳು. ಅವರು ತಕ್ಷಣ ಜಾಕು ತಂದರು. ನನ್ನ ಅಪ್ಪಣೆ ಯಾರೂ ಕೇಳಲಿಲ್ಲ.

ಹಳೆಯ ಪ್ಯಾಡುಗಳನ್ನು ಬಿಚ್ಚಿ ಅಪ್ಪಲರಾಜು ನನ್ನ ಕೈಗೆ ಕೊಟ್ಟರು. ಸವೆದಿರಲಿಲ್ಲ. ಮೈ ಮಾತ್ರ ಗಾಜಿನ ಹಾಗೆ ನುಣುಪಾಗಿತ್ತು. “ಬ್ರೇಕು ಮೀದನುಂಚಿ ಕಾಲು ತಿಯ್ಯರಾ ಸಾರ್?” ಎಂದರು. ಬ್ರೇಕಿನ ಮೇಲಿನಿಂದ ಕಾಲು ತೆಗೆಯುವುದೇ ಇಲ್ಲವೇ? ಇರಲಿ ಎಂದು ಸದಾ ಮೆಲ್ಲಗೆ ಒತ್ತಿಕೊಂಡೇ ಓಡಿಸಿದರೆ ಪ್ಯಾಡು ಕಾದು ಕಾದು ಮೈ ನುಣುಪಾಗುತ್ತದಂತೆ, ನಿಜಕ್ಕೂ ಬೇಕಾದಾಗ ಹಿಡಿಯುವುದಿಲ್ಲವಂತೆ. ಗನ್ನವರಂ ದಾರಿಯಲ್ಲಿ ಕಾರು ವಿಚಾರ ಮಾಡಿದ್ದಕ್ಕೆ ಕಾರಣ ಕಾರಲ್ಲ, ನನ್ನ ಬಲಗಾಲು. ಶೈಲಾ ಅಲ್ಲಿರಲಿಲ್ಲ ಎಂಬುದೊಂದೇ ಸಮಾಧಾನ. ಮಧ್ಯಾಹ್ನಕ್ಕೆ ಅವಳಿಗೂ ಗೊತ್ತಾಗಿತ್ತು.

ಹೊಸ ಪ್ಯಾಡು ಹಾಕಿದ ಮೇಲೆ ಅದನ್ನು ಡಿಸ್ಕಿಗೆ ಪಳಗಿಸುವ ಒಂದು ಕ್ರಮವಿದೆ. ಖಾಲಿ ರಸ್ತೆಯಲ್ಲಿ ಅರವತ್ತರ ವೇಗಕ್ಕೆ ಹೋಗುವುದು, ಹತ್ತಕ್ಕೆ ಇಳಿಯುವವರೆಗೆ ಗಟ್ಟಿಯಾಗಿ ಬ್ರೇಕು ತುಳಿಯುವುದು, ಮತ್ತೆ ಅರವತ್ತು. ಹೀಗೆ ಹತ್ತು ಸಲ. ಮಧ್ಯೆ ಪೂರ್ತಿ ನಿಲ್ಲಬಾರದು. ನಿಂತರೆ ಬಿಸಿ ಪ್ಯಾಡು ಡಿಸ್ಕಿಗೆ ಒಂದೇ ಕಡೆ ಮೆತ್ತಿಕೊಳ್ಳುತ್ತದೆ. “ಮಧ್ಯಲೋ ಆಗಕೂಡದು” ಎಂದು ಅಪ್ಪಲರಾಜು ನನಗೆ ಎರಡು ಸಲ, ಬೆರಳೆತ್ತಿ, ಬಿಡಿಸಿ ಹೇಳಿದರು. ನನ್ನ ತೆಲುಗಿನ ಮೇಲಿದ್ದ ನಂಬಿಕೆ ಅವರಿಗೆ ಹೋಗಿತ್ತು. ಕೊನೆಗೆ “ಪಾಪನಿ ನಡಪಮನಂಡಿ” ಎಂದರು. ಹುಡುಗಿಯೇ ಓಡಿಸಲಿ, ನಾಳೆ ಯಾರ ಕಾಲು ಓಡಿಸುತ್ತದೋ ಆ ಕಾಲೇ ಕಲಿಯಲಿ ಎಂದು.

ಭಾನುವಾರ ಬೆಳಿಗ್ಗೆ ದುವ್ವಾಡದ ಕೈಗಾರಿಕಾ ವಲಯದ ರಸ್ತೆ ಅಗಲವಾಗಿ, ಖಾಲಿಯಾಗಿ ಬಿದ್ದಿತ್ತು. ಸಿಂಚನ ಸ್ಟಿಯರಿಂಗಿನ ಹಿಂದೆ, ನಾನು ಪಕ್ಕದಲ್ಲಿ. ಅರವತ್ತು, ಹತ್ತು. ಅರವತ್ತು, ಹತ್ತು. ಪ್ರತಿಸಲವೂ ನಾನು ಸೀಟ್ ಬೆಲ್ಟಿನೊಳಗೆ ಮುಂದಕ್ಕೆ ಬಾಗಿ ಯಾರಿಗೋ ನಮಸ್ಕಾರ ಮಾಡಿದಂತೆ ಮಾಡುತ್ತಿದ್ದೆ. ನನ್ನ ಬಲಗಾಲು ಬರಿಯ ಮ್ಯಾಟನ್ನು ತುಳಿಯುತ್ತಿತ್ತು. ಏಳನೆಯ ಸುತ್ತಿನಲ್ಲಿ ಗೇಟಿನ ಕಾವಲುಗಾರ ರಸ್ತೆಬದಿಗೆ ಬಂದು ಲಾಠಿ ಎತ್ತಿ “ಆಗಂಡಿ, ಆಗಂಡಿ” ಎಂದು ಕೂಗಿದ. ನಿಲ್ಲುವಂತಿರಲಿಲ್ಲ. ಕಾರು ಹತ್ತರ ವೇಗದಲ್ಲಿ ಅವನ ಮುಂದೆ ಹಾಯುವಾಗ ಸಿಂಚನ ಗಾಜಿಳಿಸಿ, “ಆಗಕೂಡದಂಡಿ. ಕೊತ್ತ ಬ್ರೇಕುಲು” ಎಂದು ವಿನಯವಾಗಿ ಹೇಳಿದಳು. ನಿಲ್ಲಬಾರದು ಸಾರ್, ಬ್ರೇಕು ಹೊಸದು. ಕಾವಲುಗಾರ ಲಾಠಿ ಇಳಿಸಿ ಅದನ್ನು ಕುರಿತು ಯೋಚಿಸುತ್ತ ನಿಂತದ್ದು ಕನ್ನಡಿಯಲ್ಲಿ ಬಹಳ ಹೊತ್ತು ಕಾಣುತ್ತಿತ್ತು. ನಾವಿಬ್ಬರೂ ಆ ಎರಡು ದಿನಗಳಲ್ಲಿ ಮೊದಲ ಸಲ ನಕ್ಕೆವು.

ಎಂಟನೆಯ ಸುತ್ತಿಗೆ ನನ್ನ ಕಾಲು ಮ್ಯಾಟು ತುಳಿಯುವುದನ್ನು ಮರೆತಿತ್ತು ಎಂದು ಬರೆಯಲು ಆಸೆ. ಹತ್ತಕ್ಕೆ ಹತ್ತೂ ತುಳಿದೆ.

ಮಧ್ಯಾಹ್ನದ ರೈಲಿಗೆ ಸಿಂಚನಳೇ ನನ್ನನ್ನು ದುವ್ವಾಡ ನಿಲ್ದಾಣಕ್ಕೆ ಕರೆತಂದಳು. ಅಲ್ಲಿಂದ ಮನೆಗೆ ಅವಳೊಬ್ಬಳೇ ಹೋಗಬೇಕು, ಅದೇ ಮೊದಲು. ಚೀಲ ಇಳಿಸಿಕೊಂಡು ಕಿಟಕಿಯ ಹತ್ತಿರ ಬಗ್ಗಿದೆ. ಹೇಳಬೇಕೆಂದಿದ್ದ ಮಾತುಗಳೆಲ್ಲ ಬ್ರೇಕಿನ ಜಾತಿಯವೇ. ನಿಧಾನ, ಹುಷಾರು, ಲಾರಿಗಳಿರುತ್ತವೆ. “ಹೋಗ್ಬಾ” ಎಂದೆ. “ಸೇರಿದ ಮೇಲೆ ಫೋನ್ ಮಾಡ್ತೀನಪ್ಪ” ಎಂದು ಅವಳು ಹೊರಟಳು.

ತಿರುವಿನಲ್ಲಿ ಕಾರಿನ ಹಿಂದಿನ ಕೆಂಪು ದೀಪಗಳು ಒಮ್ಮೆ ಹತ್ತಿ ಆರಿದವು. ಒಂದೇ ಸಲ, ಅದೂ ನಾನಾದರೆ ಗಟ್ಟಿಯಾಗಿ ತುಳಿಯುತ್ತಿದ್ದ ಜಾಗಕ್ಕಿಂತ ಎಷ್ಟೋ ಮೊದಲು. ಆಮೇಲೆ ಹಳದಿ ಬಣ್ಣ ಮರೆಯಾಯಿತು. ನಾನು ಅತ್ತಲೇ ನೋಡುತ್ತ ನಿಂತಿದ್ದೆ. ಹಿಂದೆ ತರಕಾರಿ ಗಾಡಿ ತಳ್ಳಿಕೊಂಡು ಬಂದ ಹೆಂಗಸೊಬ್ಬಳು, ದಾರಿಗೆ ಅಡ್ಡವಾಗಿದ್ದ ನನಗೆ, “ಕೊಂಚೆಂ ಜರಗಂಡಿ ಸಾರ್” ಎಂದಳು.

ಈ ಮಾತಿಗೆ ತೆಲುಗಿನಲ್ಲೂ ಕನ್ನಡದಲ್ಲೂ ಒಂದೇ ಅರ್ಥ. ತಪ್ಪು ತಿಳಿದುಕೊಳ್ಳಲು ಎಲ್ಲೂ ಎಡೆಯಿರಲಿಲ್ಲ. ಜರುಗಿದೆ.