ಎಫ್ ಟೂ ಮತ್ತು ಯಶೋದಕ್ಕನ ಮೂಗುತಿ

ಫೋಟೊ ತಿದ್ದುವಾಗ ನಾನು ಕೀಬೋರ್ಡ್ ನೋಡುವುದಿಲ್ಲ. ತೆರೆಯನ್ನೂ ಅಷ್ಟಾಗಿ ನೋಡುವುದಿಲ್ಲ. ಕುರ್ಚಿಯ ಹಿಂದೆ ನಿಂತ ಗಿರಾಕಿಯ ಕಡೆ ತಿರುಗಿ ಮಾತಾಡುತ್ತಿರುತ್ತೇನೆ, ಎಡಗೈ ತನ್ನ ಪಾಡಿಗೆ ಕೆಲಸ ಮುಗಿಸುತ್ತಿರುತ್ತದೆ. ಕುದ್ರೋಳಿಯಲ್ಲಿ ಇಷ್ಟು ವರ್ಷ ಸ್ಟುಡಿಯೊ ಇಟ್ಟುಕೊಂಡು ಸಂಪಾದಿಸಿದ ಜಂಬ ಇದೊಂದೇ ಆದ್ದರಿಂದ ಇದನ್ನು ಚೆನ್ನಾಗಿ ಸಾಕಿಕೊಂಡಿದ್ದೆ.

ಹಳೆಯ ಕಂಪ್ಯೂಟರ್ ಕೆಟ್ಟು, ಹೊಸದರಲ್ಲಿ ಬೇರೆಯೇ ಸಾಫ್ಟ್‌ವೇರ್ ಬಂದಾಗ ಜಂಬಕ್ಕೆ ಮೊದಲ ಪೆಟ್ಟು ಬಿತ್ತು. ಕತ್ತರಿಸುವ ಕೀ ಒತ್ತಿದರೆ ಬಣ್ಣ ಸುರಿಯಿತು. ಹಿಗ್ಗಿಸುವ ಕೀ ಒತ್ತಿದರೆ ಚಿತ್ರವೇ ಮಾಯ. ಪಂಪ್‌ವೆಲ್‌ನಿಂದ ಬಸ್ಸಿನಲ್ಲಿ ಇಲ್ಲಿಗೆ ಬರುವಷ್ಟರಲ್ಲಿ ನಾವು ಕಂಡಕ್ಟರನೊಡನೆ ತುಳು, ಪಕ್ಕದ ಸೀಟಿನವರೊಡನೆ ಕೊಂಕಣಿ, ಫೋನಿನಲ್ಲಿ ಕನ್ನಡ ಮಾತಾಡಿ ಮುಗಿಸಿರುತ್ತೇವೆ. ಎದುರಿನ ಮುಖ ಕಂಡೊಡನೆ ನಾಲಗೆ ತಾನಾಗಿ ಹೊರಳುತ್ತದೆ. ಬೆರಳಿಗೆ ಆ ವಿದ್ಯೆ ಇಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಭಾಷೆ, ಮೊದಲು ಕಲಿತದ್ದು.

ಪುಣ್ಯಕ್ಕೆ ಯಾವ ಕೀ ಯಾವ ಕೆಲಸ ಮಾಡಬೇಕೆಂದು ಹೊಸ ಸಾಫ್ಟ್‌ವೇರಿಗೆ ನಾವೇ ಹೇಳಿಕೊಡಬಹುದಿತ್ತು. ಒಂದು ಮಧ್ಯಾಹ್ನ ಕುಳಿತು, ಒಂದೊಂದೇ ಕೀಯನ್ನು ಬೆರಳಿನ ಹಳೆಯ ಅಭ್ಯಾಸಕ್ಕೆ ಹೊಂದಿಸಿದೆ. ಎಫ್ ಟೂ ಒತ್ತಿದರೆ ಮುಖ ಬೆಳಗಬೇಕು, ಏಕೆಂದರೆ ನಮ್ಮಲ್ಲಿ ಬರುವವರು ಹೆಚ್ಚಾಗಿ ಕೇಳುವುದು ಅದನ್ನೇ.

ಆದರೆ ಆ ಕಂಪ್ಯೂಟರಿನಲ್ಲಿ ನಾನೊಬ್ಬಳೇ ಕೂರುವುದಲ್ಲ. ನನ್ನ ಪಾಲುದಾರಳು ಜುಬೇದಾ ಅದರಲ್ಲೇ ಚಹಾ ಕಪ್ಪುಗಳ, ಟೀಶರ್ಟುಗಳ ಮೇಲಿನ ಚಿತ್ರಗಳನ್ನು ಮಾಡುತ್ತಾಳೆ. ಬಟ್ಟೆಗೆ ಇಸ್ತ್ರಿ ಹಾಕಿ ಇಳಿಸುವ ಚಿತ್ರವನ್ನು ಮೊದಲು ಕನ್ನಡಿಯೊಳಗಿನ ಹಾಗೆ ಎಡಬಲ ಮಗುಚಬೇಕು. ಅವಳ ಎಫ್ ಟೂ ಆ ಕೆಲಸಕ್ಕೆ. ಇಬ್ಬರ ಕೀಗಳ ಪಟ್ಟಿಗಳೂ ಒಳಗಿದ್ದವು. ಕುಳಿತವಳು ತನ್ನದನ್ನು ಆರಿಸಿಕೊಳ್ಳಬೇಕು.

"ಏಳುವಾಗ ನನ್ನದಕ್ಕೆ ಹಾಕಿ ಏಳು" ಎಂದೆ.

"ನಾನ್ಯಾಕೆ ಹಾಕ್ಬೇಕು ಮಾರಾಯ್ತಿ? ಕುರ್ಚಿಯಲ್ಲಿ ಬೆಕ್ಕು ಉಂಟಾ ಅಂತ ಕೂರುವವಳು ನೋಡ್ಬೇಕು. ಬೆಕ್ಕಿಗೆ ಹೇಳ್ಲಿಕ್ಕೆ ಆಗ್ತದಾ?"

ಹೀಗಿರುವಾಗ ನದಿಯಾಚೆಯ ಬೆಂಗ್ರೆಯಿಂದ ಯಶೋದಕ್ಕ ಬಂದರು. ಅವರನ್ನು ನಾನು ನೋಡಿದ್ದು ಅಂದೇ ಮೊದಲು. ಬಂದರಿನ ಧಕ್ಕೆಯಲ್ಲಿ ಬೇರೆಯವರ ಬೋಟಿನ ಮೀನು ಮಾರಿ ಬದುಕಿದವರು, ಈಗ ತಮ್ಮ ಹೆಸರಿನಲ್ಲೇ ಬೋಟು ತೆಗೆದಿದ್ದರು. ಮರುದಿನ ಬೆಳಿಗ್ಗೆ ಅದು ಮೊದಲ ಸಲ ನೀರಿಗಿಳಿಯುವುದು. ಅದರ ಮೇಲೆ ಕಟ್ಟುವ ಫ್ಲೆಕ್ಸಿಗೆ ಅವರ ಮುಖ ಬೇಕು.

"ಯಾವ ಫೋಟೊದಲ್ಲೂ ನಾನು ನನ್ನ ಹಾಗೆ ಕಾಣುವುದಿಲ್ಲ" ಎಂದರು. "ಮದುವೆಯದ್ದರಲ್ಲೂ ಬೇರೆ ಯಾರೋ ಇದ್ದಾಳೆ. ನಾಳೆದ್ದರಲ್ಲಾದರೂ ನಾನೇ ಇರ್ಬೇಕು."

ಫೋಟೊ ತೆಗೆದು ತೆರೆಯ ಮೇಲಿಟ್ಟೆ. ಹಿಂದೆ ನಿಂತು ಬಹಳ ಹೊತ್ತು ನೋಡಿದರು. "ಇಲ್ಲ. ಇದೂ ನಾನಲ್ಲ."

"ಸ್ವಲ್ಪ ಬೆಳಕು ಮಾಡ್ತೇನೆ" ಎಂದು ಅವರ ಕಡೆ ತಿರುಗಿಯೇ ಎಫ್ ಟೂ ಒತ್ತಿದೆ.

"ಹಾಂ! ಈಗ ನಾನು!"

ಮುಖ ಬೆಳಗಿದ್ದು ನನಗೂ ಕಂಡಿತು. ಬೆಳಕು ಬಿದ್ದರೆ ಮುಖದ ಭಾವ ಹೇಗೆ ಬದಲಾಗುತ್ತದೆ ಎಂದು ಅವರಿಗೆ ಒಂದು ಸಣ್ಣ ಪಾಠವನ್ನೂ ಮಾಡಿದೆ. ಪ್ರಿಂಟ್ ಆದ ಫ್ಲೆಕ್ಸನ್ನು ಸುರುಳಿ ಸುತ್ತಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದರು.

ಸಂಜೆ ಜುಬೇದಾ ಬಂದಾಗ ಚಿತ್ರ ಇನ್ನೂ ತೆರೆಯ ಮೇಲಿತ್ತು. ಅವಳು ಯಶೋದಕ್ಕನ ಹತ್ತಿರವೇ ಬಂಗುಡೆ ಕೊಳ್ಳುವವಳು. "ಮೂಗುತಿ ಯಾವಾಗ ಬಲಕ್ಕೆ ಹೋಯ್ತು ಇವರದ್ದು?" ಎಂದಳು.

ಮೂಲ ಫೋಟೊವನ್ನು ಪಕ್ಕದಲ್ಲಿಟ್ಟು ನಿಧಾನವಾಗಿ ನೋಡಿದೆ. ಮೂಗುತಿ, ಗಲ್ಲದ ಮಚ್ಚೆ, ಸೊಟ್ಟ ಹಲ್ಲು, ಬೈತಲೆ, ಎಲ್ಲವೂ ಆಚೆ ದಡಕ್ಕೆ ದಾಟಿದ್ದವು. ಬೆಳಕು ಮಾತ್ರ ಒಂದಿಷ್ಟೂ ಹೆಚ್ಚಿರಲಿಲ್ಲ. ಕಂಪ್ಯೂಟರ್ ಜುಬೇದಾಳ ಪಟ್ಟಿಯಲ್ಲೇ ಇತ್ತು. ಕುರ್ಚಿಯಲ್ಲಿ ಬೆಕ್ಕಿತ್ತು, ನಾನು ನೋಡದೆ ಕುಳಿತಿದ್ದೆ. ಒಬ್ಬ ಹೆಂಗಸಿನ ಇಡೀ ಬದುಕಿನ ಬೋಟಿಗೆ ತಿರುಗುಮುರುಗಾದ ಮುಖ ಕಟ್ಟಲು ಕೊಟ್ಟಿದ್ದೆ.

ಸರಿಯಾದದ್ದನ್ನು ಮತ್ತೆ ಪ್ರಿಂಟ್ ಮಾಡಿ, ಮರುದಿನ ಮೊದಲ ಫೆರಿಗೆ ಇಬ್ಬರೂ ನದಿ ದಾಟಿದೆವು. ನಡೆದದ್ದನ್ನೆಲ್ಲ ಹೇಳಿ ಎರಡೂ ಫ್ಲೆಕ್ಸನ್ನು ಮರಳ ಮೇಲೆ ಹಾಸಿದೆ. ಯಶೋದಕ್ಕನ ತಂಗಿ ಹೊಸದಕ್ಕೆ ಬೆರಳು ತೋರಿಸಿದಳು. "ಇದು ಅಕ್ಕ. ಆ ಇನ್ನೊಂದರಲ್ಲಿ ಎಂತದೋ ಸರಿ ಇಲ್ಲ ಅಂತ ನಿನ್ನೆಯೇ ಹೇಳಿದೆ. ಯಾರು ಕೇಳ್ತಾರೆ ನನ್ನ ಮಾತು!"

ಯಶೋದಕ್ಕ ಎರಡರ ನಡುವೆ ನಿಂತು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದರು.

"ಇದು ನೀವೆಲ್ಲ ನೋಡುವ ಯಶೋದ" ಎಂದು ಹೊಸದನ್ನು ತೋರಿಸಿದರು. ಆಮೇಲೆ ಬಗ್ಗಿ, ನಾನು ಕೆಡಿಸಿದ ಮುಖದ ಮೇಲಿನ ಮರಳು ಒರೆಸಿದರು. "ಇವಳು ಕನ್ನಡಿಯಲ್ಲಿ ದಿನಾ ನನಗೆ ಸಿಗುವವಳು. ಏಳು, ಧಕ್ಕೆಗೆ ಹೊರಡು ಅಂತ ಇಷ್ಟು ವರ್ಷ ನನ್ನನ್ನು ದೂಡಿದವಳು. ಬೋಟು ತೆಗೆದದ್ದು ಇವಳು ಮಾರಾಯ್ತಿ. ಇವಳನ್ನೇ ಕಟ್ಟಿ."

ಮನುಷ್ಯ ತನ್ನ ಮುಖವನ್ನು ಮೊದಲು ಕಂಡದ್ದು ನಿಂತ ನೀರಿನಲ್ಲಿ ಇರಬೇಕು. ಅಂದಿನಿಂದ ಎಲ್ಲರದ್ದೂ ಇದೇ ಕಥೆ. ನಮಗೆ ಚಿರಪರಿಚಿತವಾದ ನಮ್ಮ ಮುಖವನ್ನು ಬೇರೆ ಯಾರೂ ನೋಡಿಲ್ಲ. ಫೋಟೊ ನೋಡಿ "ಇದು ನಾನಲ್ಲ" ಎನ್ನುವವರನ್ನು ನಾನು ಇಷ್ಟು ಕಾಲ ಬೆಳ್ಳಗೆ ಮಾಡಿ ಕಳಿಸಿದ್ದೆ. ಅವರು ಕೇಳಿದ್ದು ಬೆಳಕನ್ನಲ್ಲ.

ಬೋಟು ನೀರಿಗಿಳಿಯಿತು. ಅದರ ನೆತ್ತಿಯಲ್ಲಿ ಬಲಗಡೆ ಮೂಗುತಿಯ ಯಶೋದಕ್ಕ, ದಡದಲ್ಲಿ ಎಡಗಡೆ ಮೂಗುತಿಯ ಯಶೋದಕ್ಕ. ಇಬ್ಬರೂ ಎದುರುಬದುರಾಗಿ ನಗುತ್ತಿದ್ದರು.

ಈಗ ನಾನು ಕೂರುವ ಮೊದಲು ಬೆಕ್ಕನ್ನು ನೋಡುತ್ತೇನೆ, ಒತ್ತುವ ಮೊದಲು ತೆರೆಯನ್ನು ನೋಡುತ್ತೇನೆ. ಹಳೆಯ ಜಂಬ ಅಷ್ಟರಮಟ್ಟಿಗೆ ಹೋಯಿತು. ಹೊಸದೊಂದು ಬಂದಿದೆ. ಒಬ್ಬ ಹೆಂಗಸಿಗೆ ಮಾತ್ರ ಗೊತ್ತಿದ್ದ ಅವಳ ಮುಖವನ್ನು ಊರಿಗೆ ತೋರಿಸಿದ ಸ್ಟುಡಿಯೊ ನಮ್ಮದು. ಹಾಗೆ ಹೇಳಿಕೊಂಡಾಗಲೆಲ್ಲ ಜುಬೇದಾ ತಲೆಯೆತ್ತದೆ ನೆನಪಿಸುತ್ತಾಳೆ: "ಎಫ್ ಟೂ ನನ್ನದು."