ಒಣಗುವ ತನಕ ಚಾವಿ ಮುಟ್ಟದ ಸೀಟು ಮೇಸ್ತ್ರಿ

"ಗಾಡಿ ಕೊಳ್ಳೋಕೆ ಬಂದು ಸ್ಟಾರ್ಟ್ ಮಾಡ್ಬೇಡಿ ಅಂತಾನಲ್ಲಪ್ಪ ಇವ್ನು! ಲೋ, ಸೂಜಿದಾರ ಹಿಡಿಯೋನಿಗೆ ಇಂಥ ಗಾಡಿ ಯಾಕೋ? ಹೋಗಿ ದಿಂಬಿಗೆ ಹತ್ತಿ ತುಂಬು ಹೋಗು. ಮಂಗನ ಕೈಗೆ ಮಾಣಿಕ್ಯ ಕೊಟ್ರೆ ಕಚ್ಚಿ ನೋಡ್ತಂತೆ!"

ಹಳೆ ಕಾರುಗಳ ಅಂಗಳದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಲ್ಲಾಳಿ ಆಗಲೇ ನಾಲಿಗೆ ಹರಿಬಿಟ್ಟಿದ್ದಾನೆ. ಚಹಾ ಹೀರುತ್ತ ನಿಂತ ಗಿರಾಕಿಗಳು, ಕಾರು ತೊಳೆಯುವವರು, ಗೇಟಿನ ಕಾವಲುಗಾರ ಎಲ್ಲರೂ ಹಲ್ಲು ಕಿರಿಯುತ್ತಾರೆ. ಬೈಸಿಕೊಂಡವರು ಮಾತ್ರ ತಲೆ ಎತ್ತುವುದಿಲ್ಲ. ಧೂಳು ಮೆತ್ತಿದ ಉದ್ದನೆಯ ಕಪ್ಪು ಕಾರಿನ ಪಕ್ಕ ಮಂಡಿಯೂರಿ, ತೆರೆದ ಬಾಗಿಲೊಳಗೆ ಕೈ ತೂರಿಸಿ, ಕಾರ್ಪೆಟ್ಟಿನ ಅಂಚು ಹಿಸುಕುತ್ತಿದ್ದಾರೆ. ಬೆರಳ ಸಂದಿಯಿಂದ ಕಂದು ನೀರು ಇಳಿಯುತ್ತದೆ. ಮೂಸಿ ನೋಡುತ್ತಾರೆ.

"ಮೊದ್ಲು ಒಣಗ್ಲಿ ಸಾರ್," ಎನ್ನುತ್ತಾರೆ.

ಈ ಒಂದು ಮಾತಿನಿಂದಲೇ ಗ್ಯಾರೇಜು ಬೀದಿಯಲ್ಲಿ ಅವರಿಗೆ 'ಒಣಗ್ಲಿ ಮೇಸ್ತ್ರಿ' ಎಂದು ಹೆಸರು ಬಿದ್ದಿದೆ. ಕಾರಿನ ಸೀಟು ಹೊಲಿಯುವುದು, ಕಾರ್ಪೆಟ್ ಕಿತ್ತು ಹಾಸುವುದು, ಜೋತುಬಿದ್ದ ಚಾವಣಿಯ ಬಟ್ಟೆ ಬಿಗಿಯುವುದು ಅವರ ಕಸುಬು. ಕಾರು ಓಡಿದರೆ ಹೊಗಳಿಕೆ ಮೆಕ್ಯಾನಿಕ್‌ಗೆ, ಹೊಳೆದರೆ ಮಾಲೀಕನಿಗೆ. ಸೀಟು ಹೊಲಿದವನನ್ನು ಕೇಳುವವರು ಯಾರು? ಊರಿನ ದೊಡ್ಡ ಮನುಷ್ಯರೆಲ್ಲ ಬೆನ್ನು ಒರಗಿಸಿರುವುದು ಇವರ ಹೊಲಿಗೆಗೆ. ಒಬ್ಬರೂ ತಿರುಗಿ ನೋಡಿಲ್ಲ. ಬೆನ್ನಿಗೆ ಕಣ್ಣಿಲ್ಲ, ಒಪ್ಪೋಣ. ಮುಖಕ್ಕೂ ಇಲ್ಲವೇ?

"ವರ್ಷಗಟ್ಟಲೆ ನಿಂತ ಗಾಡಿ ಸತ್ತಿರಲ್ಲ, ನೆನೆದಿರುತ್ತೆ ಅಷ್ಟೆ," ಎನ್ನುತ್ತಾರೆ ಮೇಸ್ತ್ರಿ. "ಮೇಲೆ ಚಾವಣೀಲಿ ಗಾಜಿನ ಕಿಂಡಿ ಇದೆಯಲ್ಲ, ಅದರ ಮೂಲೆಮೂಲೆಗೂ ನೀರು ಇಳಿಯೋಕೆ ಸಣ್ಣ ಕೊಳವೆ ಇಟ್ಟಿರ್ತಾರೆ. ತರಗೆಲೆ ಸಿಕ್ಕೊಂಡ್ರೆ ಮುಗೀತು, ಮಳೆನೀರೆಲ್ಲ ಗಾಡಿಯೊಳಗೆ. ಕಾರ್ಪೆಟ್ ಮೇಲ್ಗಡೆ ಒಣಗಿದ ಹಾಗೇ ಇರುತ್ತೆ, ಕೆಳಗಿನ ಸ್ಪಂಜು ಹೊಟ್ಟೆತುಂಬ ಕುಡಿದು ಮಲಗಿರುತ್ತೆ. ಗಾಡಿಯ ಮಿದುಳು, ಅದೇ ಕಂಪ್ಯೂಟರ್ ಡಬ್ಬಿ, ಕೂತಿರೋದು ಸೀಟಿನ ಅಡೀಲಿ. ನೀರಲ್ಲಿ ಕೂತೋನಿಗೆ ಕರೆಂಟ್ ಕೊಟ್ರೆ ಉಳೀತಾನಾ?"

ಮಾರುವವರಿಗೆ ಇದೆಲ್ಲ ಬೇಕಿಲ್ಲ. ಹೊರಗಿನ ಬ್ಯಾಟರಿ ತಗುಲಿಸಿ, ಎಂಜಿನ್ ಗುಡುಗಿಸಿ ತೋರಿಸಿದರೆ ಗಿರಾಕಿ ಮರುಳಾಗುತ್ತಾನೆ. ಮಾರನೆಯ ದಿನ ಡಬ್ಬಿ ಸುಟ್ಟರೆ ಅದು ಅವನ ಹಣೆಬರಹ. ಈ ಬೆಳಿಗ್ಗೆಯೂ ದಲ್ಲಾಳಿ ಕೇಬಲ್ ಹಿಡಿದೇ ನಿಂತಿದ್ದಾನೆ. ಮೇಸ್ತ್ರಿ ಬೈಗುಳ ನುಂಗುತ್ತಾರೆ, ಕೇಬಲ್ ಮಾತ್ರ ತಾಗಗೊಡುವುದಿಲ್ಲ. ಸ್ಟಾರ್ಟ್ ಆಗದ ಗಾಡಿಗೆ ಏನು ಬೆಲೆಯೋ ಅದೇ ಬೆಲೆಗೆ ಕೊಂಡು, ಲಾರಿಗೆ ಹೇರಿಸಿಕೊಂಡು ಹೊರಡುತ್ತಾರೆ.

ಅವರ ಅಂಗಡಿಯೆಂದರೆ ಎರಡು ಗ್ಯಾರೇಜುಗಳ ನಡುವಿನ ಸಂದಿ, ಮೇಲೊಂದು ತಗಡು. ಅಕ್ಕಪಕ್ಕ ಎರಡು ಹೊಲಿಗೆ ಯಂತ್ರ. ಒಂದು ಅವರದು, ಇನ್ನೊಂದು ಹೆಂಡತಿಯದು. ಗೋಡೆಯ ಮೊಳೆಗಳಿಗೆ ಬಾಗಿದ ಸೂಜಿಗಳು, ಉದ್ದನೆಯ ಕೊಕ್ಕೆಗಳು, ಚರ್ಮದ ತುಂಡುಗಳು ನೇತಾಡುತ್ತವೆ. ದಿನಕ್ಕೆ ಎರಡು ಸೀಟು ಮುಗಿದರೆ ಒಳ್ಳೆಯ ದಿನ. ಬೇಸಿಗೆಯಲ್ಲಿ ತಗಡು ಕಾದು, ಅಂಟಿನ ವಾಸನೆ ತಲೆಗೇರಿ, ಊಟ ರುಚಿಸುವುದಿಲ್ಲ. ಸೂಜಿ ಹೊಕ್ಕು ಸೀಳಿದ ಹೆಬ್ಬೆರಳ ಉಗುರು ಎರಡಾಗಿಯೇ ಬೆಳೆಯುತ್ತಿದೆ. "ಒಂದಕ್ಕೆ ಎರಡು ಕೊಟ್ಟಿದ್ದಾನೆ ದೇವ್ರು," ಎಂದು ಅದನ್ನೇ ತೋರಿಸಿ ನಗುತ್ತಾರೆ.

ಇಂಥವರಿಗೆ ಸಾಹುಕಾರರ ಕಾರಿನ ಉಸಾಬರಿ ಏಕೆ? ಮಗಳಿಗಾಗಿ.

ಮಗಳು ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾಳೆ. ಜನರನ್ನು ಕೂರಿಸಿಕೊಂಡು ಕಾರು ಓಡಿಸಬೇಕೆಂಬುದು ಅವಳ ಹಟ. ಕಂಡಕಂಡ ಟ್ರಾವೆಲ್ಸ್ ಆಫೀಸುಗಳ ಮೆಟ್ಟಿಲು ಸವೆಸಿದ್ದಾಳೆ. "ಮೂಟೆ ಬೇಕಾದ್ರೆ ಸಾಗಿಸು, ಸಾಹೇಬ್ರನ್ನ ಬೇಡ ಅಂದ್ರು," ಎನ್ನುತ್ತಾಳೆ. "ಮೂಟೆನೇ ವಾಸಿ ಬಿಡಿ. ಹಿಂದೆ ಕೂತು 'ನಿಧಾನ, ನಿಧಾನ' ಅಂತ ಪ್ರಾಣ ತಿನ್ನಲ್ಲ."

ಕೊನೆಗೆ ದೊಡ್ಡ ಹೋಟೆಲೊಂದು ಬಾಗಿಲು ತುಸು ತೆರೆದಿದೆ. ಅಲ್ಲಿಗೆ ಬರುವ ಹೆಂಗಸರು ಡ್ರೈವರೂ ಹೆಂಗಸೇ ಇರಲಿ ಎನ್ನುತ್ತಾರಂತೆ. ಆದರೆ ಕಾರು ಅವಳೇ ತರಬೇಕು, ಈ ಕಪ್ಪು ಕಾರಿನಂಥ ದುಬಾರಿ ದರ್ಜೆಯದೇ ಆಗಿರಬೇಕು, ಬರುವ ಸೋಮವಾರ ಬೆಳಿಗ್ಗೆ ಪರೀಕ್ಷೆಗೆ ನಿಲ್ಲಿಸಬೇಕು. ತಪ್ಪಿದರೆ ಆ ಜಾಗ ಸಾಲಿನಲ್ಲಿ ಕಾದಿರುವ ಇನ್ನೊಬ್ಬರಿಗೆ.

ಹಾಗಾಗಿ ಈ ವಾರ ಆ ಸಂದಿಯಲ್ಲಿ ಬೇರೆ ಕೆಲಸವೇ ಇಲ್ಲ. ಸೀಟುಗಳು ಹೊರಗೆ ಬರುತ್ತವೆ. ಕಾರ್ಪೆಟ್ಟು ಗೋಡೆಯ ಮೇಲೆ ಒಣಗುತ್ತದೆ, ಕಂಪ್ಯೂಟರ್ ಡಬ್ಬಿ ಬಿಚ್ಚಿಕೊಂಡು ತಟ್ಟೆಯ ಮೇಲೆ ಬಿಸಿಲಿಗೆ ಕೂರುತ್ತದೆ. ಸ್ಪಂಜಿನ ಹಾಸುಗಳನ್ನು ಗಂಡಹೆಂಡತಿ ಸೇರಿ ಕಾಲಿನಿಂದ ತುಳಿದು ನೀರು ಹಿಂಡುತ್ತಾರೆ. ಸೈಕಲ್ ಪಂಪಿನಿಂದ ಕೊಳವೆ ಊದಿದರೆ ತರಗೆಲೆಯ ಗೊಜ್ಜು ಹೊರಗೆ ಹಾರುತ್ತದೆ. ಹಿಂದಿನ ಸೀಟಿನೊಳಗೆ ಇಲಿಯ ಗೂಡು. "ನೋಡ್ರಿ, ಬಾಡಿಗೆ ಇಲ್ದೆ ಎಂಥಾ ಬಂಗಲೇಲಿ ಸಂಸಾರ ಮಾಡಿದೆ," ಎಂದು ಹೆಂಡತಿ ಹೊಟ್ಟೆಕಿಚ್ಚು ಪಡುತ್ತಾರೆ. ಹೆಂಡತಿಯ ಅಣ್ಣ ಪಕ್ಕದ ಗ್ಯಾರೇಜಿನ ಎಂಜಿನ್ ಮೆಕ್ಯಾನಿಕ್. ಅವರು ವಾರ್ನಿಷ್‌ನಂತೆ ನಾರುವ ಹಳೆ ಪೆಟ್ರೋಲು ಬಸಿದು, ಕಚ್ಚಿಕೊಂಡ ಬ್ರೇಕು ಬಿಡಿಸಿ, ಎಂಜಿನ್ನನ್ನು ಮೊದಲು ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ ನೋಡುತ್ತಾರೆ.

ಮಗಳಿಗೆ ತಾಳ್ಮೆ ಕಡಿಮೆ. "ಅಪ್ಪ, ಸೋಮವಾರಾನೂ ಒಣಗ್ಲಿ ಅಂತೀಯಾ?"

"ಸೋಮವಾರ ವಾರಕ್ಕೊಂದು ಸಲ ಬರುತ್ತೆ ಕಂದ. ಸುಟ್ಟ ಡಬ್ಬಿ ಬರಲ್ಲ."

"ಹೋಟೆಲಿನೋರೂ ಎರಡನೇ ಸಲ ಬರಲ್ಲ."

ಮೇಸ್ತ್ರಿ ಕಾರ್ಪೆಟ್ಟಿನಡಿ ಅಂಗೈ ಒತ್ತಿ, ಮತ್ತೆ ಬಿಸಿಲಿಗೆ ತಿರುಗಿಸಿ ಹಾಕುತ್ತಾರೆ.

ಭಾನುವಾರ ಬೆಳಿಗ್ಗೆ ಎಲ್ಲವೂ ಒಣಗಿ, ಎಲ್ಲವೂ ಒಳಗೆ ಸೇರಿ, ಸೀಟುಗಳು ಕೂತಿವೆ. ಮೇಸ್ತ್ರಿ ಕಡೆಯ ಸಲ ಮುಂದಿನ ಸೀಟು ಒತ್ತಿ ನೋಡಿ, ಚಾವಿಯನ್ನು ಅದರ ಮೇಲಿಟ್ಟು, ಬಾಗಿಲುಗಳನ್ನು ಮುಚ್ಚುತ್ತಾರೆ. ಹೊಸ ಬ್ಯಾಟರಿ ಕೂರಿಸಿರುವುದು ಹಿಂದಿನ ಡಿಕ್ಕಿಯಲ್ಲಿ. ಅಲ್ಲಿಗೆ ಬಂದು ತಂತಿ ಜೋಡಿಸುತ್ತಾರೆ. ವರ್ಷಗಳ ನಿದ್ದೆಯಿಂದ ಎದ್ದ ಕಾರು ಮೊದಲು ಮಾಡಿದ ಕೆಲಸವೆಂದರೆ ಟಕ್ಕೆಂದು ನಾಲ್ಕೂ ಬಾಗಿಲಿಗೆ ಬೀಗ ಹಾಕಿಕೊಂಡದ್ದು.

ಚಾವಿ ಒಳಗೆ. ಇರುವುದೂ ಅದೊಂದೇ. ಚಾವಿ ಮುಟ್ಟಲು ಇಡೀ ವಾರ ಬಿಡದ ಮನುಷ್ಯ ತಾನೇ ಮಾಡಿಕೊಂಡ ಎಡವಟ್ಟು. ಮಗಳಿಗೆ ಅಳಬೇಕೋ ನಗಬೇಕೋ ತಿಳಿಯದು.

"ಗಾಜು ಒಡೆದುಬಿಡೋಣ ಭಾವ," ಎನ್ನುತ್ತಾರೆ ಮೆಕ್ಯಾನಿಕ್.

"ಒಡೆದ ಗಾಜಿನ ಗಾಡೀನ ನಾಳೆ ಯಾವ ಮುಖ ಇಟ್ಕೊಂಡು ತೋರಿಸ್ಲಿ ಮಾವ?" ಎಂದು ಮಗಳು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ.

ಮೇಸ್ತ್ರಿ ಡಿಕ್ಕಿಯೊಳಗೆ ತಲೆ ಹಾಕುತ್ತಾರೆ. ಹಿಂದಿನ ಸೀಟಿನ ನಟ್ಟನಡುವೆ, ಕೈ ಒರಗಿಸುವ ಮಡಚು ದಿಂಬಿನ ಹಿಂದೆ, ಉದ್ದದ ಸಾಮಾನು ತೂರಿಸಲು ಒಂದು ಕಿಂಡಿ ಇರುತ್ತದೆ. ಈ ಕಾರಿನಲ್ಲಿ ಅದರ ಮುಚ್ಚಳ ಮುರಿದಿತ್ತು. ಹೆಂಡತಿ ಅದಕ್ಕೆ ಹೊಸ ಚರ್ಮ ಕೊಟ್ಟು, ಇಡೀ ಶನಿವಾರ ಕೂತು ಕೈಹೊಲಿಗೆಯಲ್ಲೇ ಮುಚ್ಚಿದ್ದಾರೆ. ಆ ಹೊಲಿಗೆ ಸೀಟಿಗೇ ಅಂದ. ಮೇಸ್ತ್ರಿಯ ಕೈಯಲ್ಲಿ ಕತ್ತಿ ಇದೆ. ಕೈ ಏಳುತ್ತಿಲ್ಲ.

"ಏನ್ರೀ ನೋಡ್ತಾ ನಿಂತ್ರಿ?" ಹೆಂಡತಿಯೇ ಗದರುತ್ತಾರೆ. "ಕೊಯ್ರಿ. ಹೊಲಿದ ಕೈ ಎಲ್ಲಿಗೂ ಓಡಿಹೋಗಿಲ್ಲ."

ಕೊಯ್ಯುತ್ತಾರೆ. ಮಗಳು ಡಿಕ್ಕಿಯೊಳಗೆ ಮಲಗಿ, ಕಿಂಡಿಯಲ್ಲಿ ಭುಜದವರೆಗೆ ತೂರಿ, ದಾರ ಎಳೆಯುವ ಉದ್ದ ಕೊಕ್ಕೆಯನ್ನು ಮುಂದಿನ ಸೀಟಿನತ್ತ ಚಾಚುತ್ತಾಳೆ. ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಅಪ್ಪ ದಾರಿ ಹೇಳುತ್ತಾರೆ: "ಇನ್ನೂ ಮುಂದೆ. ಎಡಕ್ಕೆ... ನಿನ್ನ ಎಡಕ್ಕಲ್ವೇ, ನನ್ನ ಎಡಕ್ಕೆ!" ಚಾವಿಯ ಬಳೆ ಕೊಕ್ಕೆಗೆ ಬೀಳುತ್ತದೆ, ಜಾರುತ್ತದೆ, ಮತ್ತೆ ಬೀಳುತ್ತದೆ. ಮೀನು ಹಿಡಿದವಳಂತೆ ಅವಳು ಮೆಲ್ಲಗೆ ಎಳೆದುಕೊಳ್ಳುತ್ತಾಳೆ.

ಬಾಗಿಲು ತೆರೆದದ್ದೇ ಹೆಂಡತಿ ಸೂಜಿ ಹಿಡಿದು ಹಿಂದಿನ ಸೀಟಿಗೆ ಹತ್ತುತ್ತಾರೆ. ಮಗಳು ಸ್ಟೀರಿಂಗಿನ ಮುಂದೆ ಕೂತು ಅಪ್ಪನ ಮುಖ ನೋಡುತ್ತಾಳೆ. ಮೇಸ್ತ್ರಿ ಕಾರ್ಪೆಟ್ಟಿನಡಿ ಇನ್ನೊಮ್ಮೆ ಕೈಯಾಡಿಸಿ, ಬೆರಳು ಮೂಸಿ, ತಲೆದೂಗುತ್ತಾರೆ.

ಎಂಜಿನ್ ಒಮ್ಮೆ ಕೆಮ್ಮುತ್ತದೆ, ಇನ್ನೊಮ್ಮೆ ಕೆಮ್ಮುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ. ಎದುರಿನ ಕೆಂಪು ದೀಪಗಳು ಒಂದೊಂದಾಗಿ ಆರುತ್ತವೆ. ಬೀದಿಯ ಗ್ಯಾರೇಜುಗಳಿಂದ ಜನ ಹೊರಗೆ ಬರುತ್ತಾರೆ. ಹೆಂಡತಿ ಮಾತ್ರ ತಲೆ ಎತ್ತದೆ ಹೊಲಿಯುತ್ತಲೇ ಇರುತ್ತಾರೆ: "ಸ್ವಲ್ಪ ಅಲ್ಲಾಡಿಸದೆ ಇಟ್ಕೊಳ್ಳೇ, ಸೂಜಿ ಹೋಗ್ತಿದೆ ಇಲ್ಲಿ."

ಸೋಮವಾರ ಬೆಳಿಗ್ಗೆ ಕಪ್ಪು ಕಾರು ಹೋಟೆಲಿನ ನೆಲಮಾಳಿಗೆಯಲ್ಲಿ ನಿಂತಿದೆ, ಪಕ್ಕದಲ್ಲಿ ಒರೆಸುವ ಬಟ್ಟೆ ಹಿಡಿದ ಮೇಸ್ತ್ರಿ. ವಾಹನಗಳ ಮೇಲ್ವಿಚಾರಕ ದೀಪ ಹಾಕಿಸುತ್ತಾನೆ, ಬ್ರೇಕು ತುಳಿಸುತ್ತಾನೆ, ಒಂದು ಸುತ್ತು ಓಡಿಸಿಕೊಂಡು ಬರುತ್ತಾನೆ, ಹಿಂದೆ ಕೂತು ಮೈಚಾಚಿ ನೋಡುತ್ತಾನೆ. ದೋಷ ಹುಡುಕುವವನಿಗೆ ದೋಷ ಸಿಗುವುದಿಲ್ಲ. "ಗಾಡಿ ಸರಿಯಿದೆ," ಎಂದು ಇಳಿಯುತ್ತಾನೆ. "ಇವತ್ತಿಂದ್ಲೇ ಇರ್ಲಿ. ಆ ಕೊನೇ ಜಾಗದಲ್ಲಿ ಹಾಕಮ್ಮ."

ಕೊನೆಯ ಜಾಗವೆಂದರೆ ಕಂಬ ಮತ್ತು ಗೋಡೆಯ ನಡುವಿನ ಇಕ್ಕಟ್ಟು. ಉಳಿದ ಡ್ರೈವರುಗಳು ಮಾತು ನಿಲ್ಲಿಸಿ ಅತ್ತ ತಿರುಗುತ್ತಾರೆ. ಮೇಲ್ವಿಚಾರಕ ಮೇಸ್ತ್ರಿಯತ್ತ ವಾಲುತ್ತಾನೆ.

"ಅಲ್ಲಯ್ಯ, ಹೆಣ್ಣುಮಗಳ ಕೈಗೆ ಇಷ್ಟುದ್ದದ ಗಾಡಿ ಕೊಟ್ಟಿದ್ದೀಯಲ್ಲ, ಭಯ ಆಗಲ್ವಾ ನಿಂಗೆ?"

ಮಗಳು ಕನ್ನಡಿ ನೋಡುತ್ತಾಳೆ, ಭುಜದ ಮೇಲಿಂದ ಹಿಂದೆ ನೋಡುತ್ತಾಳೆ. ಉದ್ದನೆಯ ಕಾರು ಎಲ್ಲೂ ತಡೆಯದೆ, ಮುಂದೆ ಬಂದು ಸರಿಪಡಿಸಿಕೊಳ್ಳದೆ, ಒಂದೇ ಬೀಸಿಗೆ ಹಿಮ್ಮುಖವಾಗಿ ಆ ಇಕ್ಕಟ್ಟಿನೊಳಗೆ ಇಳಿದು ನಿಲ್ಲುತ್ತದೆ. ಕಂಬಕ್ಕೂ ಕನ್ನಡಿಗೂ ನಡುವೆ ಅಂಗೈ ತೂರುವಷ್ಟು ಜಾಗ. ಎಂಜಿನ್ ಆರುತ್ತದೆ.

ಮೇಲ್ವಿಚಾರಕ ಉತ್ತರಕ್ಕೆ ಕಾಯುತ್ತಿದ್ದಾನೆ. ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಹೆಗಲಿಗೆ ಹಾಕಿಕೊಂಡು, ಅವನ ಕಡೆ ತಿರುಗದೆ, ಬೆಳಕು ಬರುವ ಇಳಿಜಾರನ್ನು ಹತ್ತಿ ನಡೆದುಬಿಡುತ್ತಾರೆ.