ಐವತ್ತು ಇರಬೇಕಾದಲ್ಲಿ ಇಪ್ಪತ್ತು

ಒಂದು ಫೋನ್ ಮಾಡಿದ್ದರೆ ನಾಲ್ಕು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ನಾನು ನಾಲ್ಕು ದಿನ ತೆಗೆದುಕೊಂಡೆ. ಕಾರಣ ಜಂಬ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ಬೈಯುವುದು ಬೇಡ.

ಬುಧವಾರ ಬೆಳಿಗ್ಗೆ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಯೂನಿಟ್‌ನಿಂದ ಕರೆ ಬಂತು. ಹಿತ್ತಾಳೆ ತಗಡಿನಿಂದ ಸ್ವಿಚ್ಚಿನೊಳಗಿನ ಚಿಕ್ಕ ಪಟ್ಟಿಗಳನ್ನು ಒತ್ತಿ ತೆಗೆಯುವ ಪ್ರೆಸ್ ಅಲ್ಲಿದೆ. ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡನ್ನು ಹದಿನೆಂಟು ವರ್ಷದ ಹಿಂದೆ ಮಾಡಿದ್ದು ನಾನು ಮತ್ತು ನನ್ನ ಆಗಿನ ಪಾಲುದಾರರು. ಒಂದೇ ಕೋಣೆ, ಎರಡು ಮೇಜು, ಒಂದು ಫ್ಯಾನು, ಅದೇ ನಮ್ಮ ಕಂಪನಿ. ಪ್ಯಾನೆಲ್ ಬಾಗಿಲಿನ ಒಳಗೆ ನಮ್ಮ ಸ್ಟಿಕ್ಕರ್ ಇನ್ನೂ ಇತ್ತು, ಇಬ್ಬರ ನಂಬರೂ ಇತ್ತು. ಮೇಲಿನದು ನನ್ನದು, ಆದ್ದರಿಂದ ಕರೆ ನನಗೆ ಬಂತು.

ಯೂನಿಟ್ಟನ್ನು ಮೂರು ವರ್ಷದ ಹಿಂದಷ್ಟೇ ಕೊಂಡ ಮಾಲೀಕರು ನಾನು ಹೋದ ಕೂಡಲೇ ಶುರುಮಾಡಿದರು.

“ಮೇಡಂ, ನಿಮ್ ಬೋರ್ಡು ಒಂದಿನ ಎದ್ರೆ ಮೂರ್ ದಿನ ಮಲ್ಕೊಳತ್ತೆ. ಸೋಮವಾರದೊಳಗೆ ಎಬ್ಬಿಸ್ತೀರಾ, ಇಲ್ಲ ಮೆಷಿನ್ನೇ ಗುಜರಿಗೆ ಹಾಕ್ಲಾ?”

ಹಾಕಿ ಎನ್ನಬಹುದಿತ್ತು. ಆದರೆ ಪ್ರೆಸ್ಸಿನ ಮುಂದೆ ಸ್ಟೂಲಿನ ಮೇಲೆ ಅದನ್ನು ನಡೆಸುವ ಅಕ್ಕ ಕೂತಿದ್ದರು. ಮೆಷಿನ್ ಬಂದ ದಿನದಿಂದ ಅವರೇ. ಅವರ ಬಲಗೈ ಮಣಿಕಟ್ಟು ಯಾವಾಗಲೋ ಮುರಿದು, ಸೊಟ್ಟಗೆ ಕೂಡಿಕೊಂಡು, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

“ಇದು ಹೋದ್ರೆ ನಾನೂ ಹೋದಂಗೇ ಮೇಡಂ,” ಎಂದರು. “ಈ ಕೈ ನೋಡಿ ಬೇರೆ ಮೆಷಿನ್ ಯಾರ್ ಕೊಡ್ತಾರೆ?”

“ಕೊಡೋಕೆ ನಂಗೇನಕ್ಕ? ಆಮೇಲೆ ನಿಮ್ ಬೆರಳು ಹುಡುಕ್ಕೊಂಡ್ ಕೂರೋದ್ಯಾರು?” ಎಂದರು ಮಾಲೀಕರು. ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ.

ಬೋರ್ಡಿನ ಪ್ರೋಗ್ರಾಂ ಇರುವ ಚಿಪ್ಪಿಗೆ ಮೇಲೊಂದು ಪುಟ್ಟ ಗಾಜಿನ ಕಿಟಕಿ. ಅದರ ಮೇಲೆ ಸ್ಟಿಕ್ಕರ್ ಅಂಟಿಸಿಡಬೇಕು, ಬೆಳಕು ಬಿದ್ದರೆ ಒಳಗಿನ ಬರಹ ನಿಧಾನವಾಗಿ ಅಳಿಸುತ್ತದೆ. ಸ್ಟಿಕ್ಕರ್ ಸುರುಳಿ ಸುತ್ತಿಕೊಂಡು ಅರ್ಧ ಎದ್ದಿತ್ತು. ಉಳಿದ ಬರಹವನ್ನು ಲ್ಯಾಪ್‌ಟಾಪಿಗೆ ಓದಿಸಿಕೊಂಡೆ. ಇನ್ನು ಹೊಸ ಚಿಪ್ ಬರೆಯಬೇಕು. ಮೂಲ ಪ್ರೋಗ್ರಾಂ, ನಾವು ಸೋರ್ಸ್ ಅನ್ನುವುದು, ನನ್ನ ಪೆನ್‌ಡ್ರೈವ್‌ನಲ್ಲಿತ್ತು. ಆದರೆ ನಾವು ಬರೆದ ಆ ಚುಟುಕು ಸೂಚನೆಗಳನ್ನು ಚಿಪ್ಪಿಗೆ ಅರ್ಥವಾಗುವ ಅಂಕಿಗಳಾಗಿ ಮಾಡುವ ತಂತ್ರಾಂಶ ಬೇಕಲ್ಲ? ಅದೇ ಅಸೆಂಬ್ಲರ್. ನಮ್ಮ ಹಳೆಯದು, ಕಂಪ್ಯೂಟರಿನ ಹಿಂದೆ ಬೆರಳುದ್ದದ ಒಂದು ಕೀ ಚುಚ್ಚದೆ ನಡೆಯುತ್ತಿರಲಿಲ್ಲ. ಆ ಕೀ ನನ್ನ ಬಳಿ ಇರಲಿಲ್ಲ.

ಪಾಲುದಾರರ ಬಳಿ ಇರಬಹುದಿತ್ತು. ಕೇಳಲಿಲ್ಲ. ಎಂಟು ವರ್ಷದ ಹಿಂದೆ ಅವರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಹಿಡಿದು ಹೋದರು. ಹೋಗುತ್ತಾರೆ ಎಂದು ನನಗೆ ಗೊತ್ತಾಗಿದ್ದು ಟೀ ಅಂಗಡಿಯವನಿಂದ. “ಸಾರ್ ಹೋಗ್ತಾ ಇದಾರಂತೆ, ಇನ್ಮೇಲೆ ಒಂದೇ ಟೀನಾ ಮೇಡಂ?” ಎಂದು ಕೇಳಿದ. ಹತ್ತು ವರ್ಷ ಎದುರು ಮೇಜಿನಲ್ಲಿ ಕೂತವರು ನನಗೆ ಹೇಳದೆ ಅವನಿಗೆ ಹೇಳಿದ್ದರು. ಅಂದಿನಿಂದ ಅವರ ಫೋನ್ ಎತ್ತುವುದನ್ನು ಬಿಟ್ಟೆ.

ಹಾಗಾಗಿ ನಾನೇ ಕಟ್ಟಿಕೊಳ್ಳಲು ಹೊರಟೆ. ಈ ಚಿಪ್ಪಿಗೆ ಹೊಂದುವ ಅಸೆಂಬ್ಲರ್ ಒಂದರ ಸೋರ್ಸನ್ನು ಯಾರೋ ಪುಣ್ಯಾತ್ಮರು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಇಳಿಸಿಕೊಂಡು, ನಮ್ಮ ಲ್ಯಾಪ್‌ಟಾಪಿಗೆ ತಕ್ಕಂತೆ ನಾವೇ ಕಂಪೈಲ್ ಮಾಡಿ, ಅಂದರೆ ಓಡುವ ತಂತ್ರಾಂಶವಾಗಿ ಕಟ್ಟಿಕೊಳ್ಳಬೇಕು. ಲಗ್ಗೆರೆಯಲ್ಲಿ ಮಹಡಿ ಮೇಲಿನ ಒಂಟಿ ಕೋಣೆ ನನ್ನದು. ಗುರುವಾರ ಬೆಳಿಗ್ಗೆ ಬಾಗಿಲು ತೆರೆದಿಟ್ಟು ಕೂತೆ. ಕಂಪೈಲ್‌ಗೆ ಮುಂಚೆ ಕಾನ್ಫಿಗರ್ ಎಂಬ ಹಂತ. ಅದು ಲ್ಯಾಪ್‌ಟಾಪಿನಲ್ಲಿ ಏನೇನಿದೆ ಎಂದು ಸಾಲುಸಾಲಾಗಿ ವಿಚಾರಿಸುತ್ತದೆ. ಇದು ಇದೆಯಾ? ಇದೆ. ಅದು? ಇದೆ. ಮತ್ತೊಂದು? ಇಲ್ಲ. ಅಲ್ಲಿಗೆ ನಿಂತಿತು. ಇಲ್ಲದ್ದನ್ನು ಹುಡುಕಿ ತಂದು ಹಾಕಿದರೆ ಮತ್ತೆ ಮೊದಲಿಂದ ವಿಚಾರಣೆ. ನಾನೂ ಬಾಯಿಬಿಟ್ಟೇ ಉತ್ತರ ಕೊಡತೊಡಗಿದ್ದೆ. ಇದೆ ಮಾರಾಯ, ಇದೆ, ಮುಂದೆ ಹೋಗು.

ಕೆಳಗಿನ ಮನೆಯ ಅಜ್ಜಿ, ನನ್ನ ಓನರು, ಸಂಡಿಗೆ ಒಣಗಿಸಲು ಮಹಡಿಗೆ ಬಂದವರು ಒಳಗೆ ಇಣುಕಿದರು.

“ಯಾರವ್ವ ಬಂದವ್ರೆ? ಮಾತು ಕೇಳುಸ್ತು.”

“ಯಾರೂ ಇಲ್ಲ ಅಜ್ಜಿ. ಕಂಪ್ಯೂಟ್ರು.”

“ಅದೇನಂತದೆ?”

“ಏನೋ ಒಂದು ಇಲ್ಲ ಅಂತಿದೆ.”

“ಇಂಗೇ ಒಬ್ಳೇ ಕುಂತಿದ್ರೆ ಅದೂ ಅಂತದೆ, ಗ್ವಾಡೆನೂ ಅಂತದೆ,” ಎಂದು ಸಂಡಿಗೆ ಬಟ್ಟೆಯ ನಾಲ್ಕು ಮೂಲೆಗೂ ಕಲ್ಲು ಹೇರಿ ಇಳಿದುಹೋದರು. ಅಂದು ನಾನು ಮನುಷ್ಯರ ಜೊತೆ ಆಡಿದ ಮಾತು ಅಷ್ಟೇ.

ಮಧ್ಯಾಹ್ನ ಕಂಪೈಲ್ ಎರಡು ಸಲ ಮುರಿದು ಬಿತ್ತು. ಹಳೆಯ ಕಾಲದ ರೀತಿಯಲ್ಲಿ ಬರೆದ ಒಂದು ಸಾಲನ್ನು ಇಂದಿನ ಕಂಪೈಲರ್ ಒಪ್ಪುತ್ತಿರಲಿಲ್ಲ. ಆ ಸಾಲು ತಿದ್ದಿದ ಮೇಲೆ ಅಸೆಂಬ್ಲರ್ ಎದ್ದು ನಿಂತಿತು. ಒಬ್ಬಳೇ ಕುರ್ಚಿಯಲ್ಲಿ ಚಪ್ಪಾಳೆ ತಟ್ಟಿದೆ. ಮೊದಲಾದರೆ ಎದುರು ಮೇಜಿನಿಂದ “ಆಯ್ತಾ? ಹಾಗಾದ್ರೆ ಟೀ ನಿಮ್ಮದು” ಎಂಬ ಮಾತು ಬರುತ್ತಿತ್ತು.

ಶುಕ್ರವಾರ ಪೂರ್ತಿ ಅದನ್ನು ಹದಕ್ಕೆ ತರುವುದರಲ್ಲೇ ಹೋಯಿತು. ಹೊಸ ಅಸೆಂಬ್ಲರ್ ಬುದ್ಧಿವಂತ, ಉದ್ದ ಸೂಚನೆಯ ಜಾಗದಲ್ಲಿ ತಾನಾಗಿಯೇ ಗಿಡ್ಡ ಸೂಚನೆ ಹಾಕಿಬಿಡುತ್ತಿತ್ತು. ಅದರಿಂದ ಮುಂದಿನದೆಲ್ಲ ಒಂದೊಂದು ಮನೆ ಹಿಂದಕ್ಕೆ ಸರಿಯುತ್ತಿತ್ತು. ಆ ಜಾಣತನವನ್ನು ಹುಡುಕಿ ಬಂದ್ ಮಾಡಿದೆ. ಆಮೇಲೆ ಬಂದ ಅಂಕಿಗಳನ್ನೂ ಹಳೆಯ ಚಿಪ್ಪಿನಿಂದ ಓದಿದ್ದನ್ನೂ ಪಕ್ಕಪಕ್ಕ ಇಟ್ಟೆ. ಎಂಟು ಕಡೆ ಬಿಟ್ಟರೆ ಎಲ್ಲವೂ ಒಂದೇ. ಆ ಎಂಟು, ಬೆಳಕು ತಿಂದ ಜಾಗಗಳು, ಸೋರ್ಸೇ ಸರಿ ಎಂದು ತೀರ್ಮಾನಿಸಿದೆ. ಒಂದೊಂದನ್ನೂ ನೋಡಬೇಕಿತ್ತು. ನೋಡಲಿಲ್ಲ.

ಶನಿವಾರ ಹೊಸ ಚಿಪ್ ಕೂರಿಸಿದೆ. ಬೋರ್ಡು ಮೊದಲ ಸಲಕ್ಕೇ ಎದ್ದಿತು. ಮಾಲೀಕರು ಊದುಬತ್ತಿ ಹಚ್ಚಿ, “ಕೂತ್ಕೊಳಕ್ಕ, ಶುರು ಹಚ್ಕೊ” ಎಂದರು.

ಅಕ್ಕ ಹಿತ್ತಾಳೆ ಮುಟ್ಟಲಿಲ್ಲ. ಸ್ವೀಟ್ ಡಬ್ಬದ ರಟ್ಟನ್ನು ಉದ್ದಕ್ಕೆ ಸೀಳಿ, ಅದರ ತುದಿಯನ್ನು ಪ್ರೆಸ್ಸಿನೊಳಗೆ ತೂರಿಸಿದರು. ಯಾರು ಏನೇ ರಿಪೇರಿ ಮಾಡಿ ಹೋದರೂ ಮೊದಲ ಹತ್ತು ಏಟು ರಟ್ಟಿಗೆ, ಆಮೇಲೇ ಕೈ. ಅದು ಅವರ ಪದ್ಧತಿ. ಪೆಡಲ್ ತುಳಿದು, ಕೈ ತೆಗೆಯುವ ತಮ್ಮ ಎಂದಿನ ವೇಗದಲ್ಲಿ ರಟ್ಟು ಹಿಂದಕ್ಕೆಳೆದರು. ಪ್ರೆಸ್ ಅದನ್ನು ಕಚ್ಚಿತು. ಮತ್ತೊಮ್ಮೆ. ಮತ್ತೆ ಕಚ್ಚಿತು.

“ಬೇಗ ಬೀಳ್ತಾ ಇದೆ ಮೇಡಂ,” ಎಂದರು. “ನಾನ್ ಕೈ ತೆಗೆಯೋವರೆಗೂ ಕಾಯ್ತಿತ್ತು ಇದು. ಆ ಸಾರು ನಂಗೋಸ್ಕರ ಹಂಗ್ ಮಾಡ್ಕೊಟ್ಟಿದ್ರು.”

“ಯಾವ ಸಾರು?”

“ನಿಮ್ ಜೊತೆಗಿದ್ರಲ್ಲ, ಅವ್ರೇ.”

ಅಲ್ಲೇ ಕ್ರೇಟ್ ಮಗುಚಿ ಹಾಕಿ ಕೂತು ಲ್ಯಾಪ್‌ಟಾಪ್ ತೆರೆದೆ. ಬೆಳಕು ಬಿದ್ದರೆ ಚಿಪ್ಪಿನೊಳಗಿನ ಸೊನ್ನೆ ಒಂದಾಗುತ್ತದೆ, ಒಂದು ಎಂದಿಗೂ ಸೊನ್ನೆಯಾಗುವುದಿಲ್ಲ. ಎಂಟರಲ್ಲಿ ಏಳು ಕಡೆ ಹಾಗೆಯೇ ಆಗಿತ್ತು. ಎಂಟನೆಯದರಲ್ಲಿ ಮಾತ್ರ ಒಂದು ಹೋಗಿ ಸೊನ್ನೆ ಬಂದಿತ್ತು. ಅದನ್ನು ಬೆಳಕು ಮಾಡಿರಲು ಸಾಧ್ಯವಿಲ್ಲ, ಕೈಯೇ ಮಾಡಿದ್ದು. ಪೆಡಲ್ ತುಳಿದ ಮೇಲೆ ಪ್ರೆಸ್ ಎಷ್ಟು ಹೊತ್ತು ಕಾಯಬೇಕೆಂಬ ಜಾಗ ಅದು. ನನ್ನ ಸೋರ್ಸಿನಲ್ಲಿ ಇಪ್ಪತ್ತು, ಚಿಪ್ಪಿನಲ್ಲಿ ಐವತ್ತು. ಸೆಕೆಂಡಿನ ಐದನೇ ಒಂದು ಭಾಗಕ್ಕೆ ಬದಲು ಅರ್ಧ ಸೆಕೆಂಡು. ಆ ಐವತ್ತನ್ನು ಕಸವೆಂದುಕೊಂಡು ಅಳಿಸಿದ್ದು ನಾನು. ರಟ್ಟನ್ನು ಎತ್ತಿಕೊಂಡು, ಕಚ್ಚಿದ ಗುರುತಿನ ಪಕ್ಕ ನನ್ನ ಬೆರಳಿಟ್ಟು ನೋಡಿದೆ.

ಪ್ಯಾನೆಲ್ ಬಾಗಿಲಿನ ಸ್ಟಿಕ್ಕರಿನಲ್ಲಿದ್ದ ಎರಡನೇ ನಂಬರಿಗೆ, ಪಾಲುದಾರರಿಗೆ, ಕರೆ ಮಾಡಿದೆ.

“ಏನ್ರೀ,” ಎಂದರು ಅವರು. “ಬದುಕಿದ್ದೀರಾ?”

“ಪೀಣ್ಯದಲ್ಲಿದ್ದೀನಿ. ಹಿತ್ತಾಳೆ ಪ್ರೆಸ್ ಮುಂದೆ. ತಡ ಎಷ್ಟ್ ಇಟ್ಟಿದ್ರಿ?”

“ಐವತ್ತು. ಅಕ್ಕನ ಕೈ ಮುರಿದಿತ್ತಲ್ಲ, ಇಪ್ಪತ್ತು ಸಾಲ್ತಿರ್ಲಿಲ್ಲ. ಒಂದ್ ಭಾನುವಾರ ಬಂದು, ಬರ್ನರ್ ಸ್ಕ್ರೀನಲ್ಲೇ ತಿದ್ದಿ, ಹೊಸ ಚಿಪ್ ಬರ್ದು ಹಾಕ್ದೆ.”

ಸೋರ್ಸ್ ಮುಟ್ಟದೆ, ಚಿಪ್ ಬರೆಯುವ ಬರ್ನರಿನಲ್ಲೇ ಅಂಕಿ ತಿದ್ದಿಬಿಡುವುದು, ಪೀಣ್ಯದಲ್ಲಿ ನಾವೆಲ್ಲ ಮಾಡುವುದೇ ಹಾಗೆ. ನಾನೂ ಮಾಡಿದ್ದೇನೆ. ಆದರೂ ರೇಗಿತು.

“ಸೋರ್ಸಲ್ಲಿ ಯಾಕ್ ಹಾಕ್ಲಿಲ್ಲ? ಇವತ್ತು ಅವ್ರ ಬೆರಳು ಹೋಗ್ತಿತ್ತು!”



“ಸೋರ್ಸ್ ನಿಮ್ ಹತ್ರ ಇತ್ತು ಕಣ್ರೀ. ಅವತ್ತು ಮೂರ್ ಸಲ ಫೋನ್ ಮಾಡ್ದೆ. ನೀವ್ ಎತ್ಲಿಲ್ಲ.”

ಆ ಮೂರು ಕರೆ ನನಗೆ ನೆನಪಿವೆ. ಅನ್ನ ಬಸಿಯುತ್ತಿದ್ದೆ, ಫೋನು ಮೇಜಿನ ಮೇಲೆ ಗರಗರ ಎನ್ನುತ್ತಿತ್ತು. ಕ್ಷಮೆ ಕೇಳಲು ಮಾಡುತ್ತಿದ್ದಾರೆ, ಬಡಿದುಕೊಳ್ಳಲಿ ಎಂದು ಬಿಟ್ಟಿದ್ದೆ.

“ಅಸೆಂಬ್ಲರ್ ಎಲ್ಲಿ ಸಿಕ್ತು?” ಎಂದು ಅವರೇ ಕೇಳಿದರು.

“ನಾನೇ ಕಟ್ಟಿದೆ. ಸೋರ್ಸಿಂದ.”

“ಹಳೇದು ನನ್ ಹತ್ರ ಇತ್ತಲ್ರೀ. ಕೀ ಸಮೇತ.”

ಅಕ್ಕನ ಕೈ ಹೇಗಿದೆ ಎಂದು ಕೇಳಿದರು, ಹಾಗೇ ಇದೆ ಎಂದೆ. ಇಡ್ತೀನಿ ಎಂದರು. ಲೆಕ್ಕ ಹಾಕಿದರೆ ನಾಲ್ಕು ನಿಮಿಷ.

ಸೋರ್ಸಿನಲ್ಲಿ ಇಪ್ಪತ್ತನ್ನು ಐವತ್ತು ಮಾಡಿ, ಪಕ್ಕದಲ್ಲಿ ಯಾಕೆಂದು ಬರೆದೆ. ಅಸೆಂಬಲ್ ಮಾಡಿ, ಚಿಪ್ ಬರೆದು, ಕಿಟಕಿಗೆ ಎರಡೆರಡು ಸ್ಟಿಕ್ಕರ್ ಬಡಿದು ಕೂರಿಸಿದೆ. ಅಕ್ಕ ರಟ್ಟಿನ ಇನ್ನೊಂದು ತುದಿಯನ್ನು ತೂರಿಸಿದರು. ಹತ್ತು ಏಟು, ಹತ್ತು ಸಲವೂ ರಟ್ಟು ಹೊರಗೆ ಬಂದ ಮೇಲೇ ಪ್ರೆಸ್ ಬಿತ್ತು. ಹನ್ನೊಂದನೆಯದಕ್ಕೆ ಹಿತ್ತಾಳೆ ಕೈಗೆತ್ತಿಕೊಂಡರು. ನಾನು ನೋಡಲಾರದೆ ಬಾಗಿಲ ಕಡೆ ತಿರುಗಿದೆ.

“ಇದೇ ಮೇಡಂ, ಇದೇ ನನ್ ಮೆಷಿನ್ನು!” ಎಂದರು ಹಿಂದಿನಿಂದ.

“ಸರಿ, ಗುಜರಿಯವ್ನಿಗೆ ಬರ್ಬೇಡ ಅಂತೀನಿ,” ಎಂದರು ಮಾಲೀಕರು.

ಬಸ್ ಸ್ಟಾಪಿನಲ್ಲಿ ನಿಂತು ತಿದ್ದಿದ ಸೋರ್ಸನ್ನು ಪಾಲುದಾರರಿಗೆ ಕಳಿಸಿದೆ. ನಿಮ್ಮ ಹತ್ತಿರವೂ ಒಂದು ಪ್ರತಿ ಇರಲಿ ಎಂದು ಬರೆದೆ. ಲಗ್ಗೆರೆ ಬರುವಷ್ಟರಲ್ಲಿ ಓದಿದ್ದಾರೆಂಬ ಎರಡು ನೀಲಿ ಟಿಕ್ಕು ಮೂಡಿದ್ದವು, ಉತ್ತರ ಇರಲಿಲ್ಲ. ಇವತ್ತಿಗೂ ಬಂದಿಲ್ಲ. ಎಂಟು ವರ್ಷ ನಾನು ಮಾಡಿದ್ದೂ ಅದನ್ನೇ, ಕೇಳುವ ಬಾಯಿ ನನಗಿಲ್ಲ. ಫೋನನ್ನು ಮಾತ್ರ ಈಗ ಅನ್ನ ಬಸಿಯುವಾಗಲೂ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ.